ಒಗೆದರೂ ಹೋಗದ ಗಣಪತಿ

ಹುಣಸಮಾರನಹಳ್ಳಿಯ ಭೀಮರಾಜನಿಗೆ ಕೆಟ್ಟ ಚಟ ಒಂದೂ ಇರಲಿಲ್ಲ. ಬೀಡಿ ಸೇದಲಿಲ್ಲ, ಎಲೆಯಡಿಕೆ ಜಗಿಯಲಿಲ್ಲ, ಇಸ್ಪೀಟಿನ ಎಲೆ ಮುಟ್ಟಿದವನೂ ಅಲ್ಲ. ಇಂಥವರಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಗಂಟುಬೀಳುತ್ತದೆ. ಅವನಿಗೆ ಟೀ ಶರ್ಟಿನ ಮೇಲೆ ಚಿತ್ರ ಅಂಟಿಸುವ ಹುಚ್ಚು ಹಿಡಿಯಿತು.

ಯಲಹಂಕದ ಟೈರ್ ಅಂಗಡಿಯೊಂದರಲ್ಲಿ ಅವನು ಸೂಪರ್‌ವೈಸರ್. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನು ನೋಡುತ್ತಿದ್ದ. ಅದರಲ್ಲಿ ಯಾರೋ ಒಬ್ಬ ಕಾಗದದ ಮೇಲೆ ಹುಲಿಯ ಚಿತ್ರ ಪ್ರಿಂಟ್ ತೆಗೆದು, ಅದನ್ನು ಟೀ ಶರ್ಟಿನ ಮೇಲೆ ಬೋರಲು ಹಾಕಿ, ಇಸ್ತ್ರಿ ತಿಕ್ಕಿ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಕಾಗದವನ್ನು ಎತ್ತಿದ. ಹುಲಿ ಅಂಗಿಗೆ ಬಂದಿತ್ತು. ಆ ದಿನ ಭೀಮರಾಜ ಒಂದು ಸ್ಕೂಟರಿಗೆ ಕಾರಿನ ಟೈರು ಬಿಲ್ಲು ಮಾಡಿದ.

ಆ ಕಾಗದಕ್ಕೆ ಟ್ರಾನ್ಸ್‌ಫರ್ ಪೇಪರ್ ಎನ್ನುತ್ತಾರೆ. ಅದನ್ನು ಬೋರಲು ಹಾಕಿ ಒತ್ತುವುದರಿಂದ ಎಡಗಡೆಯದು ಬಲಕ್ಕೂ ಬಲಗಡೆಯದು ಎಡಕ್ಕೂ ಹೋಗುತ್ತದೆ. ಆದ್ದರಿಂದ ಪ್ರಿಂಟ್ ತೆಗೆಯುವಾಗಲೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ತೆಗೆಯಬೇಕು. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಚೌಕವಿದೆ, ಅದಕ್ಕೊಂದು ಟಿಕ್ ಹಾಕಬೇಕು, ಅಷ್ಟೆ. ಭೀಮರಾಜ ಇದನ್ನು ಕಲಿತದ್ದು ಹಾಲಿನ ಬೂತಿನ ಸತೀಶನ ಅಂಗಿಯಿಂದ. ಸತೀಶ ತನ್ನ ಹೆಸರು ಬರೆಸಿಕೊಂಡಿದ್ದ, ಆದರೆ ಅದನ್ನು ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಮಾತ್ರ ಓದಬಹುದಾಗಿತ್ತು.

ಅಕ್ಷರ ಸರಿಯಾಯಿತು. ಸರಿಯಾಗದೆ ಉಳಿದದ್ದು ಒಗೆತ. ಭೀಮರಾಜ ಅಂಟಿಸಿದ್ದು ಯಾವುದೂ ಒಂದು ಒಗೆತಕ್ಕಿಂತ ಹೆಚ್ಚು ಬಾಳಲಿಲ್ಲ. ಅವನ ಮೊದಲ ಹುಲಿ ವಾಷಿಂಗ್ ಮೆಷಿನ್ನಿಗೆ ಇಳಿದು ಹೊರಬರುವಾಗ ಅಂಗಿಯಲ್ಲಿ ಮೀಸೆಯಷ್ಟೇ ಇತ್ತು, ಒಂದು ಕಣ್ಣು ಹೆಂಡತಿ ಜ್ಯೋತಿಲಕ್ಷ್ಮಿಯ ಲಂಗಕ್ಕೆ ಅಂಟಿಕೊಂಡಿತ್ತು. ಬೀದಿಯಲ್ಲಿ ಅವನ ಕೈಕೆಲಸಕ್ಕೆ 'ಒಂದೊಗೆತದ ಅಂಗಿ' ಎಂಬ ಹೆಸರು ಬಿತ್ತು. ಅವನ ತಾಯಿ ಮಾರಕ್ಕ ಇನ್ನೂ ಸ್ಪಷ್ಟವಾಗಿ ಹೇಳಿದಳು. "ನಿಮ್ಮಪ್ಪ ದ್ರಾಕ್ಷಿ ಬೆಳ್ದ, ಮನೆ ಆಯ್ತು. ನೀನು ಉಲಿ ಬೆಳ್ದೆ, ಲಂಗಕ್ಕೋಯ್ತು."

ಭೀಮರಾಜನಿಗೆ ನೋವಾಗಿತ್ತು. ದೊಡ್ಡ ಆಸೆಗಳು ಅವನಿಗೆ ಯಾವತ್ತೂ ಇರಲಿಲ್ಲ. ತನ್ನ ಕೈಯಿಂದ ಆದ ಒಂದು ಅಂಗಿ ನೀರಿಗೆ ಬಿದ್ದು, ಇಡಿಯಾಗಿ ಎದ್ದುಬಂದು, ಯಾರಾದರೂ ಅದನ್ನು ಎರಡನೇ ಸಲ ಹಾಕಿಕೊಂಡು ಬೀದಿಯಲ್ಲಿ ನಡೆಯಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಅಷ್ಟರಲ್ಲಿ ಗೌರಿ ಗಣೇಶ ಬಂತು. ಬೀದಿಯ ಗೆಳೆಯರ ಬಳಗಕ್ಕೆ ಬ್ಯಾಟರಾಯಪ್ಪ ಅಧ್ಯಕ್ಷರು. ಅವರ ದ್ರಾಕ್ಷಿತೋಟವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಕಟ್ಟಡಗಳು ನಿಂತಿವೆ, ಉಳಿದ ಒಂದು ಸೈಟಿನಲ್ಲಿ ಪ್ರತಿವರ್ಷ ಗಣಪತಿ ಕೂರುತ್ತಾನೆ. ಜಾಗ ಕೊಟ್ಟವರೇ ಅಧ್ಯಕ್ಷರು ಎಂಬುದರಲ್ಲಿ ಇದುವರೆಗೆ ಗಣಪತಿಯೂ ತಕರಾರು ಎತ್ತಿಲ್ಲ. ಆ ವರ್ಷ ಬಳಗದವರಿಗೆಲ್ಲ ಒಂದೇ ಥರದ ಅಂಗಿ ಎಂದು ತೀರ್ಮಾನವಾಗಿತ್ತು. ಅಂಗಿ ಬಂದವು, ಆದರೆ ಅಚ್ಚು ಹಾಕುವ ಅಂಗಡಿಯವನು ಹಬ್ಬ ಕಳೆದ ಮೇಲೆ ಕೊಡುತ್ತೇನೆ ಎಂದ. ಬ್ಯಾಟರಾಯಪ್ಪ ಬೇರೆ ದಾರಿ ಕಾಣದೆ ಭೀಮರಾಜನ ಮನೆಗೆ ಬಂದರು.

"ಒಂದು ಒಗೆತ ಬಂದ್ರೆ ಸಾಕು ಕಣಪ್ಪಾ, ವಿಸರ್ಜನೆ ಗಂಟ ತಾನೆ" ಎಂದು ಅವರು ಸಮಾಧಾನ ಹೇಳಿದರು. ಭೀಮರಾಜನಿಗೆ ಆ ಸಮಾಧಾನ ಚೂರಿಯಂತೆ ನಾಟಿತು.

ಅವನು ಅಂಗಡಿಗೆ ರಜೆ ಹಾಕಿದ. ಮೆತ್ತನೆಯ ಇಸ್ತ್ರಿ ಮೇಜು ಬಿಟ್ಟು ಅಡುಗೆಮನೆ ಕಟ್ಟೆಯ ಗಟ್ಟಿ ಕಡಪ ಕಲ್ಲನ್ನು ಹಿಡಿದ. ಇಸ್ತ್ರಿಪೆಟ್ಟಿಗೆಯ ನೀರು ಖಾಲಿ ಮಾಡಿದ, ಕಾವು ಪೂರ್ತಿ ಏರಿಸಿದ, ಸ್ಟೂಲಿನ ಮೇಲೆ ನಿಂತು ಮೈಭಾರವೆಲ್ಲ ಬಿಟ್ಟು ಒತ್ತಿದ. ಜ್ಯೋತಿಲಕ್ಷ್ಮಿ ಒಂದೇ ಒಲೆಯಲ್ಲಿ ಅಡುಗೆ ಮುಗಿಸಿ, ಗಂಡನ ಕಾಲ ಬಳಿ ಕೂತು ಉಪ್ಪಿಟ್ಟು ತಿಂದಳು. ಬಳಗದ ಹೆಸರಿನ ಅಕ್ಷರಗಳಿಗೆ ಅವನು ಸತೀಶನನ್ನು ನೆನೆದು ಮರೆಯದೆ ಟಿಕ್ ಹಾಕಿದ. ಗಣಪತಿಯ ಚಿತ್ರ ಬೇರೆ ಹಾಳೆ. ಅದಕ್ಕೆ ಟಿಕ್ ಹಾಕುವುದು ಮರೆತುಹೋಯಿತು. ಮರೆತದ್ದು ಅವನಿಗೆ ಆಮೇಲೂ ಕಾಣಲಿಲ್ಲ. ಎರಡು ಕಿವಿ, ನಡುವೆ ಹೊಟ್ಟೆ, ಆಚೆಗೊಂದು ದೀಪ, ಈಚೆಗೊಂದು ದೀಪ. ಇಂಥ ಚಿತ್ರ ತಿರುಗಿದರೆ ಯಾರಿಗೆ ಗೊತ್ತಾಗಬೇಕು?

ಗಣೇಶನನ್ನು ಮಾಡು ಎಂದರೆ ಅವರಪ್ಪನನ್ನು ಮಾಡಿದ ಎಂಬ ಗಾದೆಯನ್ನು ಬೀದಿಯವರು ತುದಿನಾಲಗೆಯಲ್ಲಿ ಸಿದ್ಧ ಇಟ್ಟುಕೊಂಡಿದ್ದರು. ಅದು ಖರ್ಚಾಗಲಿಲ್ಲ. ಅಂಗಿಗಳು ಲಕ್ಷಣವಾಗಿ ಬಂದಿದ್ದವು. ಗಣಪತಿ ತರುವ ದಿನ ಬಳಗದವರು ಅದನ್ನೇ ತೊಟ್ಟು ತಮಟೆಗೆ ಕುಣಿದರು, ಬೆವರಿದರು, ಮೈಮೇಲೆ ಸಾರು ಚೆಲ್ಲಿಕೊಂಡರು. ಮಾರನೆಯ ದಿನ ಜ್ಯೋತಿಲಕ್ಷ್ಮಿ ಗಂಡನ ಅಂಗಿಯನ್ನು ಮೆಷಿನ್ನಿಗೆ ಹಾಕಿದಳು. ಭೀಮರಾಜ ಮೆಷಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗಿ ಹೊರಬಂತು. ಗಣಪತಿಯ ಒಂದು ಕೂದಲೂ ಕೊಂಕಿರಲಿಲ್ಲ.

"ಹೋಗಿಲ್ಲ ಕಣ್ರೀ" ಎಂದಳು ಜ್ಯೋತಿಲಕ್ಷ್ಮಿ. ಮದುವೆಯಾದಂದಿನಿಂದ ಅವಳು ಅವನನ್ನು ಹೊಗಳಿದ್ದು ಅದೇ ಮೊದಲು. ಅವನು ಅದನ್ನು ಇನ್ನೊಂದು ಸಲ ಹೇಳಿಸಿಕೊಂಡ.

ಆ ಸಂತೋಷ ಅಂಗಿ ಒಣಗುವವರೆಗೂ ಇರಲಿಲ್ಲ. ಮಾರಕ್ಕನಿಗೆ ಹಿಂದಿನ ತಿಂಗಳು ಕಣ್ಣಿನ ಪೊರೆ ತೆಗೆದಿದ್ದರು. ಹೊಸ ಕಣ್ಣು ಬಂದ ಮೇಲೆ ಅವಳು ಬೀದಿಯಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ, ಎದುರುಮನೆಯ ಗೋಡೆಯ ಬಿರುಕನ್ನು ಅವರಿಗಿಂತ ಮೊದಲು ಕಂಡಿದ್ದಳು. ಮೆಣಸಿನಕಾಯಿ ಹರವಲು ಮಹಡಿಗೆ ಹೋದವಳು ತಂತಿಯ ಮುಂದೆ ನಿಂತುಬಿಟ್ಟಳು. ಅಂಗಿಯ ಆಚೆಗೆ ಜ್ಯೋತಿಲಕ್ಷ್ಮಿಯ ಲಂಗ ಇತ್ತು, ಈಚೆಗೆ ಭೀಮರಾಜನ ಚಡ್ಡಿ. ನಡುವೆ ಇದ್ದ ದೇವರ ಸೊಂಡಿಲು ಬಲಕ್ಕೆ ತಿರುಗಿತ್ತು.

ಮನೆಗಳಲ್ಲಿ ಕೂರುವ ಗಣಪತಿಯ ಸೊಂಡಿಲು ಅವನ ಎಡಕ್ಕೆ ತಿರುಗಿರುತ್ತದೆ. ಅವನು ಎಡಮುರಿ, ಮನೆಮಗನಂತೆ, ಹೆಚ್ಚುಕಡಿಮೆಯಾದರೆ ಹೊಂದಿಕೊಳ್ಳುತ್ತಾನೆ. ಬಲಮುರಿಯ ವಿಷಯ ಹಾಗಲ್ಲ. ಅವನಿಗೆ ಮಡಿ ಬೇಕು, ಹೊತ್ತಿಗೆ ಸರಿಯಾಗಿ ನೈವೇದ್ಯ ಬೇಕು, ಮಾಂಸದ ಗಾಳಿಯೂ ಸೋಕಬಾರದು. ಒಲಿದರೆ ಬೇಡಿದ್ದೆಲ್ಲ ಕೊಡುತ್ತಾನೆ, ಮುನಿದರೆ ಕಷ್ಟ. ಮಾರಕ್ಕ ಲಂಗವನ್ನೂ ಚಡ್ಡಿಯನ್ನೂ ಕಿತ್ತು ಬಿಸಾಕಿ, ಕೈಕಾಲು ತೊಳೆದು ಬಂದು, ಅಂಗಿಯನ್ನು ಎರಡು ಕೈಯಲ್ಲಿ ಇಳಿಸಿಕೊಂಡಳು.

ಸಂಜೆ ಪೆಂಡಾಲಿನ ಮುಂದೆ ವಿಚಾರಣೆ ನಡೆಯಿತು. ನಿವೃತ್ತ ಮೇಷ್ಟ್ರು ವೆಂಕಟರಾಮಯ್ಯನವರು ಬೀದಿಗೆಲ್ಲ ಪಂಚಾಂಗ ನೋಡಿ ಹೇಳುವವರು. ಅವರು ಪ್ರತಿಯೊಂದು ಅಂಗಿಯನ್ನೂ ಕನ್ನಡಕ ಏರಿಸಿ ನೋಡಿ, ಎಲ್ಲವೂ ಬಲಮುರಿಯೇ ಎಂದು ಖಚಿತಪಡಿಸಿದರು. ಆಮೇಲೆ ಅಂಗಿ ತೊಟ್ಟು ಯಾರು ಯಾರು ಏನೇನು ತಿಂದಿರಿ ಎಂದು ಕೇಳಿದರು. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಸತೀಶ ಏರ್‌ಪೋರ್ಟ್ ರಸ್ತೆಯ ಪಕ್ಕ ಕಬಾಬ್ ತಿಂದಿದ್ದ, ಆ ರಾತ್ರಿಯೇ ಅವನ ದವಡೆ ಹಲ್ಲು ಮುರಿದಿತ್ತು. ಕಬಾಬಿನಲ್ಲಿ ಮೂಳೆ ಇತ್ತು ಎಂಬ ಅವನ ವಿವರಣೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ಯಾಟರಾಯಪ್ಪನವರು ಆ ಅಂಗಿಯಲ್ಲೇ ಯಾವುದೋ ಕಚೇರಿಗೆ ಹೋಗಿದ್ದರು. ವರ್ಷದಿಂದ ಮಲಗಿದ್ದ ಅವರ ಫೈಲು ಅಂದು ಮೇಜಿನಿಂದ ಮೇಜಿಗೆ ತಾನಾಗಿ ನಡೆದಿತ್ತು. ದೇವರ ಮಹಿಮೆ ಎರಡೂ ಕಡೆಯಿಂದ ಸಾಬೀತಾಯಿತು.

ಅಂಗಿಗಳನ್ನು ಇನ್ನು ತೊಡುವಂತಿಲ್ಲ. ಹಾಗಾದರೆ ಯಾರ ಮನೆಯಲ್ಲಿ ಇಡುವುದು? ಬೀದಿಯವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಶ್ರಾವಣವೆಲ್ಲ ಸೊಪ್ಪು ಸಾರು ತಿಂದು, ಹಬ್ಬ ಎಂದು ಇನ್ನಷ್ಟು ದಿನ ಮನೆಯ ಮಟ್ಟಿಗಾದರೂ ನಾಲಗೆ ಕಟ್ಟಿದವರು ಅವರು. ಬಲಮುರಿ ಮನೆಗೆ ಬಂದರೆ ಒಲೆಯ ಗತಿ ಏನೆಂದು ಎಲ್ಲರೂ ಒಳಗೊಳಗೇ ಲೆಕ್ಕ ಹಾಕಿದರು. ಮಾಡಿದವನ ಮನೆಯಲ್ಲೇ ಇರುವುದು ಶಾಸ್ತ್ರ ಎಂದು ಬ್ಯಾಟರಾಯಪ್ಪ ಹೇಳಿದಾಗ ಎಲ್ಲ ಕೈಗಳೂ ಒಟ್ಟಿಗೆ ಮುಗಿದವು. ಅಂಗಿಗಳು ಮೆರವಣಿಗೆಯಲ್ಲಿ ಭೀಮರಾಜನ ದೇವರಮನೆ ಸೇರಿದವು.

ಇಲ್ಲಿ ಭೀಮರಾಜ ಒಂದು ಮಾತು ಆಡಬಹುದಿತ್ತು. ಬಲಮುರಿ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಅವನಿಗೆ ಟಿಕ್ ಹಾಕದ ಆ ಚೌಕ ನೆನಪಾಗಿತ್ತು. ಆದರೆ ಅವನು ಬಾಯಿ ತೆರೆಯುವ ಮೊದಲೇ ವೆಂಕಟರಾಮಯ್ಯನವರು ಅವನ ಬೆನ್ನು ತಟ್ಟಿ, ನಿನ್ನ ಕೈಯಲ್ಲಿ ಸೊಂಡಿಲು ಹೇಗಪ್ಪ ತಿರುಗಿತು ಎಂದು ಕೇಳಿದರು. ಸುತ್ತ ನಿಂತವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ಅವನ ಮುಖ ನೋಡಿದ್ದು ಅವನ ಮದುವೆಯಲ್ಲೂ ಇಲ್ಲ.

"ಎಲ್ಲಾ ಅವನದು ಸಾರ್. ನಂದೇನಿದೆ" ಎಂದ ಭೀಮರಾಜ.

ಇದನ್ನು ಸುಳ್ಳು ಎನ್ನಲಾಗದು. ಅಲ್ಲಿಂದ ಅವನ ಕಾಲ ತಿರುಗಿತು. ಪರೀಕ್ಷೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು ಅವನ ಬಾಗಿಲಿಗೆ ಬಂದು ಕೈಮುಗಿದು ಹೋದರು. ಟೈರ್ ಅಂಗಡಿಯ ಮಾಲೀಕರು ಅವನಿಗೆ ಕೈಯಿರುವ ಕುರ್ಚಿ ಹಾಕಿಸಿದರು. ಒಂದೊಗೆತದ ಅಂಗಿ ಎಂದವರೆಲ್ಲ ಈಗ ಭೀಮರಾಜಣ್ಣ ಎನ್ನತೊಡಗಿದರು. ಪೆಂಡಾಲಿನ ಮಣ್ಣಿನ ಗಣಪತಿ ಐದನೇ ದಿನ ನೀರಿಗೆ ಹೋದ, ಅಂಗಿಯ ಗಣಪತಿ ಉಳಿದ. ಭೀಮರಾಜ ಬೆಳಗ್ಗೆ ಎದ್ದು ತಣ್ಣೀರು ಸ್ನಾನ ಮಾಡಿ, ಹೊತ್ತಿಗೆ ಸರಿಯಾಗಿ ನೈವೇದ್ಯ ಮಾಡಿ ಕೆಲಸಕ್ಕೆ ಹೋಗುತ್ತಿದ್ದ. ಜ್ಯೋತಿಲಕ್ಷ್ಮಿ ಮೊಟ್ಟೆ ಮುಟ್ಟುವುದನ್ನೂ ಬಿಟ್ಟಳು.

ಹೀಗೆ ಹುಣ್ಣಿಮೆ ಕಳೆದು ಪಿತೃಪಕ್ಷ ಬಂತು. ಒಂದು ದಿನ ಪಕ್ಕದ ಮನೆಯಲ್ಲಿ ಮಸಾಲೆ ಹುರಿಯುವ ಘಮ ಬಂದಾಗ ಸೊಪ್ಪು ಬಿಡಿಸುತ್ತಿದ್ದ ಮಾರಕ್ಕ ಕೈ ನಿಲ್ಲಿಸಿದಳು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ಸತ್ತ ಗಂಡ ಪಿಳ್ಳಪ್ಪನಿಗೆ ಬೋಟಿ ಗೊಜ್ಜೆಂದರೆ ಪ್ರಾಣ. ಕುರಿಯ ಕರುಳು ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮಾರಕ್ಕ ತಾನೇ ಮಾಡುತ್ತಿದ್ದಳು, ಸೊಸೆಯನ್ನು ಅಂದು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಪಿಳ್ಳಪ್ಪ ಹೋದ ಮೇಲೆ ಮಾರಕ್ಕನ ಪಾಲಿಗೆ ಗಂಡನಿಗೆ ಬಡಿಸಲು ಉಳಿದದ್ದು ವರ್ಷದಲ್ಲಿ ಆ ಒಂದು ದಿನ. ಮಿಕ್ಕ ದಿನಗಳನ್ನು ಅವಳು ಆ ದಿನದ ಆಸೆಯಲ್ಲೇ ದೂಡುತ್ತಿದ್ದಳು.

ವೆಂಕಟರಾಮಯ್ಯನವರನ್ನು ಕೇಳಿದ್ದಾಯಿತು. ಬಲಮುರಿ ಇರುವ ಸೂರಿನ ಕೆಳಗೆ ಬೋಟಿ ಬೇಯಿಸುವಂತಿಲ್ಲ ಎಂದರು. ಬೇರೆ ಮನೆಯಲ್ಲಿ ಎಡೆ ಇಡಬಹುದೇ ಎಂದರೆ, ಹಿರಿಯರು ತಮ್ಮ ಹೊಸಿಲು ಬಿಟ್ಟು ಇನ್ನೊಬ್ಬರ ಮನೆಗೆ ಊಟಕ್ಕೆ ಹೋಗುವುದಿಲ್ಲ ಎಂದರು. ಸೊಪ್ಪು ಸಾರು, ಪಾಯಸ ಇಟ್ಟು ಈ ವರ್ಷ ಸುಧಾರಿಸಿಕೊಳ್ಳಿ ಎಂದು ಸಲಹೆ ಕೊಟ್ಟರು.

ಮಾರಕ್ಕ ಮನೆಗೆ ಬಂದು ಮಗನ ಮುಂದೆ ಕೂತಳು. "ನಿಮ್ಮಪ್ಪ ಅಷ್ಟು ದೂರದಿಂದ ಸೊಪ್ಪು ತಿನ್ನಕ್ಕೆ ಬತ್ತಾನೇನೋ?"

ಇನ್ನು ಉಳಿದದ್ದು ವಿಸರ್ಜನೆಯೊಂದೇ. ಮರುದಿನ ಅಂಗಿಗಳನ್ನು ಹೊಸ ಬುಟ್ಟಿಯಲ್ಲಿಟ್ಟು, ಬ್ಯಾಟರಾಯಪ್ಪನವರ ಕಾರಿನಲ್ಲಿ ಯಲಹಂಕದ ಕಡೆಗೆ ಹೊರಟರು. ಗಣಪತಿ ಬಿಡುವ ಕಲ್ಯಾಣಿಯ ಬಳಿ ಒಬ್ಬ ಕಾವಲಿನವನು ಇದ್ದ. ಬುಟ್ಟಿಯೊಳಗೆ ಇಣುಕಿ, ಬಟ್ಟೆ ಒಗೆಯಲು ಇಲ್ಲಿ ಅವಕಾಶವಿಲ್ಲ ಎಂದ. ವೆಂಕಟರಾಮಯ್ಯನವರು ಇದು ಬಟ್ಟೆಯಲ್ಲ, ಮೂರ್ತಿ ಎಂದರು. ಮೂರ್ತಿಯಾದರೆ ಮಣ್ಣಿನದ್ದೋ ಪಿಓಪಿಯದ್ದೋ ಎಂದು ಅವನು ಕೇಳಿದ. ಹತ್ತಿಯದು ಎಂದರು. ಅವನು ಮೇಲಿನವರಿಗೆ ಫೋನು ಮಾಡಿದ, ಅವರು ಅವರ ಮೇಲಿನವರನ್ನು ವಿಚಾರಿಸಿದರು. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಮಣ್ಣಿನ ಮೂರ್ತಿಯನ್ನು ಬಿಡಬಹುದು, ಒಗೆದ ಬಟ್ಟೆಯನ್ನು ತರಬಾರದು, ಒಗೆದ ಬಟ್ಟೆಯ ಮೇಲೆ ಇರುವ ಮೂರ್ತಿಯ ಬಗ್ಗೆ ಆದೇಶ ಬಂದಿಲ್ಲ. ಹೇಗೂ ಹಬ್ಬ ಮುಗಿದು ಕಲ್ಯಾಣಿಯ ನೀರು ಖಾಲಿ ಮಾಡಿ ಆಗಿದೆ, ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡಿ ಎಂದು ಕಾವಲಿನವನು ತನ್ನ ಕಡೆಯಿಂದ ಸೇರಿಸಿದ.

ಸರಿ, ಬಕೆಟ್ಟು. ಹಿತ್ತಿಲಲ್ಲಿ ಬಕೆಟ್ಟುಗಳ ಸಾಲು ನಿಂತಿತು, ಅರಿಸಿನದ ನೀರು ತುಂಬಿತು, ಬೀದಿಯೆಲ್ಲ ಬಂದು ಸುತ್ತ ನಿಂತಿತು. ಅಂಗಿಗಳನ್ನು ಮುಳುಗಿಸಿದರು. ಚಿತ್ರ ಕರಗಿದರೆ ವಿಸರ್ಜನೆ ಆದಂತೆ ಎಂದು ವೆಂಕಟರಾಮಯ್ಯನವರ ತೀರ್ಪು. ಕಾದರು. ಬಿಸಿನೀರು ಬೆರೆಸಿದರು. ಸೋಪಿನಪುಡಿ ಹಾಕೋಣವೇ ಎಂದು ಸತೀಶ ಕೇಳಿದ. ದೇವರನ್ನು ಸೋಪಿನಲ್ಲಿ ತಿಕ್ಕುವ ಧೈರ್ಯ ಯಾರಿಗೂ ಬರಲಿಲ್ಲ. ಸಂಜೆ ಎತ್ತಿ ನೋಡಿದರೆ ಅಂಗಿಗಳು ಹಳದಿಯಾಗಿದ್ದವು, ಗಣಪತಿ ಇನ್ನಷ್ಟು ಹೊಳೆಯುತ್ತಿದ್ದ. ಹೊರಡಲು ಸ್ವಾಮಿಗೆ ಮನಸ್ಸಿಲ್ಲ ಎಂದು ಹೆಂಗಸರು ಕೆನ್ನೆ ತಟ್ಟಿಕೊಂಡರು.

ಜ್ಯೋತಿಲಕ್ಷ್ಮಿ ಗಂಡನನ್ನು ಮೂಲೆಗೆ ಕರೆದಳು. "ಏನ್ರೀ, ನಗ್ತಾ ಇದೀರಾ?"

ಅವನು ಇಲ್ಲ ಎಂದ. ಆದರೆ ನಗುತ್ತಿದ್ದದ್ದು ನಿಜ. ಬೀದಿಗೆ ಬೀದಿಯೇ ಸೇರಿ ಪ್ರಾರ್ಥನೆ ಮಾಡಿದರೂ ಅವನ ಕೆಲಸ ಹೋಗಿರಲಿಲ್ಲ. ಅದು ಹೋಗುವ ದಾರಿ ಅವನೊಬ್ಬನಿಗೇ ಗೊತ್ತಿತ್ತು. ಹಾಳಾದ ಅಂಗಿಯೊಂದನ್ನು ಸರಿಮಾಡುವಾಗ ಒಮ್ಮೆ ಚಿತ್ರದ ಮೇಲೆ ಬರೀ ಕಾಗದ ಇಟ್ಟು ಇಸ್ತ್ರಿ ಒತ್ತಿದ್ದ. ಬಿಸಿಯಲ್ಲೇ ಎತ್ತಿದರೆ ಚಿತ್ರ ಅಂಗಿ ಬಿಟ್ಟು ಕಾಗದಕ್ಕೆ ಅಂಟಿಕೊಂಡು ಬಂದಿತ್ತು. ಇದನ್ನು ಅವನು ಅಂಗಿಗಳು ದೇವರಮನೆ ಸೇರುವ ಮೊದಲಿನಿಂದಲೂ ಬಲ್ಲ, ಹೇಳಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಮಾರಕ್ಕ ಊಟ ಮಾಡಲಿಲ್ಲ. ಯಾರನ್ನೂ ಬೈಯಲೂ ಇಲ್ಲ. ಬೋಟಿ ಬೇಯಿಸುವ ಪಾತ್ರೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಮತ್ತೆ ಅಟ್ಟಕ್ಕೆ ಇಟ್ಟಳು. ಬೈಯುವ ತಾಯಿಯನ್ನು ಭೀಮರಾಜ ಎಷ್ಟು ದಿನವಾದರೂ ತಡೆದುಕೊಳ್ಳಬಲ್ಲವನಾಗಿದ್ದ, ಪಾತ್ರೆ ಒರೆಸುವ ತಾಯಿಯನ್ನು ನೋಡಲಾರದೆ ಹೋದ. ಅವಳ ಪಕ್ಕ ಕೂತು, ಸೊಂಡಿಲು ತಿರುಗಿಸಿದ್ದು ದೇವರಲ್ಲ, ತಾನು ಟಿಕ್ ಹಾಕುವುದನ್ನು ಮರೆತದ್ದು ಎಂದು ಒಪ್ಪಿಕೊಂಡ.

ಮಾರಕ್ಕ ವೆಂಕಟರಾಮಯ್ಯನವರನ್ನು ಕರೆಸಿದಳು. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಅಕ್ಷರಕ್ಕೆ ನೆನಪಿಟ್ಟು ಟಿಕ್ ಹಾಕಿದವನು ದೇವರಿಗೆ ಮಾತ್ರ ಮರೆತೆಯಾ ಎಂದು ಕೇಳಿದರು. ಹೌದು ಎಂದ. ಹಾಗಾದರೆ ಮರೆಸಿದವರು ಯಾರು ಎಂದರು. ಸತ್ಯ ಹೇಳಿ ಕೆಟ್ಟವರನ್ನು ಲೋಕ ಬೇಕಾದಷ್ಟು ಕಂಡಿದೆ, ಸತ್ಯ ಹೇಳಿ ಇನ್ನೂ ಮೇಲೇರಿದವನು ಭೀಮರಾಜನೊಬ್ಬನೇ. ಮೇಷ್ಟ್ರು ಹೋಗುವಾಗ ಅವನಿಗೇ ಕೈಮುಗಿದು ಹೋದರು.

ಆಗ ಅವನು ತಾಯಿಗೆ ಉಳಿದದ್ದನ್ನೂ ಹೇಳಿದ. ಅಂಗಿಯಿಂದ ಚಿತ್ರ ತೆಗೆಯುವುದು ತನಗೆ ಗೊತ್ತು ಎಂದ.

"ಗೊತ್ತಿದ್ದೂ ಇಷ್ಟು ದಿನ ಯಾಕೋ ಏಳ್ಲಿಲ್ಲ?"

"ನಾನು ಮಾಡಿದ್ರಲ್ಲಿ ಹೋಗದೆ ಉಳಿದಿದ್ದು ಇದೊಂದೇ ಕಣಮ್ಮಾ."

ಮಾರಕ್ಕ ಮಗನ ಮುಖವನ್ನು ತನ್ನ ಹೊಸ ಕಣ್ಣಿನಲ್ಲಿ ನೋಡಿದಳು. ಆಮೇಲೆ ಎದ್ದು ಹೋಗಿ, ಕಡಪ ಕಲ್ಲಿನ ಮೇಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿ, ಕಲ್ಲನ್ನು ಒರೆಸಿ ಅವನಿಗೆ ಜಾಗ ಮಾಡಿಕೊಟ್ಟಳು.

ಬೀದಿಯವರು ಮತ್ತೆ ಸೇರಿದರು. ವೆಂಕಟರಾಮಯ್ಯನವರು ಅಂಗಿಗಳಿಗೆ ಮಂಗಳಾರತಿ ಎತ್ತಿ, ಅಕ್ಷತೆ ಹಾಕಿ, ಸ್ವಾಮಿ ಹೊರಡಲಿ ಎಂದು ಜಾಗದಿಂದ ಕದಲಿಸಿದರು. ಭೀಮರಾಜ ಬಳಗದ ಹೆಸರಿನ ಅಕ್ಷರಗಳನ್ನು ಮೊದಲು ರದ್ದಿ ಕಾಗದಕ್ಕೆ ಎತ್ತಿ ತೆಗೆದ. ಆಮೇಲೆ ಮೊದಲನೆಯ ಅಂಗಿಯ ಗಣಪತಿಯ ಮೇಲೆ ಬಿಳಿ ಕಾಗದ ಹಾಸಿ ಇಸ್ತ್ರಿ ಒತ್ತಿದ. ಕಾಗದದ ತುದಿ ಹಿಡಿದು ನಿಧಾನವಾಗಿ ಎತ್ತಿದ. ಕಣ್ಣು ಮಂಜಾಗಿತ್ತು, ಹಬೆಯಿಂದ ಎನ್ನೋಣವೆಂದರೆ ಪೆಟ್ಟಿಗೆಯಲ್ಲಿ ನೀರಿರಲಿಲ್ಲ. ಅಂಗಿ ಖಾಲಿಯಾಯಿತು. ಕಾಗದವನ್ನು ಮಗುಚಿದಾಗ ಅದರ ಮೇಲೆ ಗಣಪತಿ ಇದ್ದ. ಸೊಂಡಿಲು ಎಡಕ್ಕಿತ್ತು.

ಬೋರಲು ಹಾಕಿ ಒತ್ತಿದ್ದರಿಂದ ತಿರುಗಿದ್ದು ಮತ್ತೆ ತಿರುಗಿದೆ, ಲೆಕ್ಕ ಇಷ್ಟೇ ಎಂದು ಭೀಮರಾಜ ಕಾಗದ ತಿರುಗಿಸಿ ತಿರುಗಿಸಿ ವಿವರಿಸಿದ. ಕೇಳುವವರಿರಲಿಲ್ಲ. ಮಾರಕ್ಕನ ಬೋಟಿಗಾಗಿ ಸ್ವಾಮಿ ಸೊಂಡಿಲು ತಿರುಗಿಸಿದ ಎಂಬ ಸುದ್ದಿ ಅಷ್ಟರಲ್ಲಿ ಹಾಲಿನ ಬೂತು ದಾಟಿತ್ತು. ಬಲಮುರಿಯನ್ನು ಮನೆಗೆ ಕರೆದೊಯ್ಯಲು ಹಿಂದೇಟು ಹಾಕಿದ್ದ ಬ್ಯಾಟರಾಯಪ್ಪನವರು ಎಡಮುರಿಯ ಮೊದಲ ಹಾಳೆಯನ್ನು ಎದೆಗೆ ಅವಚಿಕೊಂಡು ಹೊರಟರು. ಉಳಿದ ಹಾಳೆಗಳಿಗೆ ನೂಕುನುಗ್ಗಲಾಯಿತು. ಕೊನೆಯಲ್ಲಿ ಭೀಮರಾಜನಿಗೆ ಉಳಿದದ್ದು ಹಳದಿ ಬಣ್ಣದ ಬರಿಯ ಅಂಗಿಗಳ ರಾಶಿ.

ಅಮಾವಾಸ್ಯೆಯ ಬೆಳಗ್ಗೆ ಮನೆಯೆಲ್ಲ ಬೋಟಿ ಗೊಜ್ಜಿನ ಘಮ. ನಡುಮನೆಯಲ್ಲಿ ಎಡೆಗೆ ಬಾಳೆಲೆ ಹಾಸಿತ್ತು. ಹಿರಿಯರಿಗೆ ಇಡುವ ಹೊಸ ಪಂಚೆ, ಟವೆಲ್ಲು ಪಕ್ಕದಲ್ಲಿದ್ದವು. ಭೀಮರಾಜ ಕೈಕಟ್ಟಿ ನಿಂತಿದ್ದ. ಮಾರಕ್ಕ ಸೌಟು ಬಿಟ್ಟು ಬಂದು, ರಾಶಿಯಿಂದ ಒಂದು ಅಂಗಿ ಹೆಕ್ಕಿ ಅವನ ಕೈಗೆ ಕೊಟ್ಟಳು. ಅದಕ್ಕೆ ಅಪ್ಪನ ಹೆಸರು ಒತ್ತಿಕೊಡು ಎಂದಳು. ಯಾಕೆಂದು ಅವನು ಕೇಳಿದ.

"ಇವತ್ತು ಮೇಲಿಂದ ಬಾಳ ಜನ ಇಳೀತಾರೆ. ಇವನು ಯಾರ ಮನೆಯವನು ಅಂತ ಗೊತ್ತಾಗ್ಬೇಕಲ್ಲ."

ಭೀಮರಾಜ ಒತ್ತಿದ. ಟಿಕ್ ಹಾಕಿದ್ದೇನೆಯೇ ಎಂದು ಮೂರು ಸಲ ನೋಡಿದ. 'ಪಿಳ್ಳಪ್ಪ, ಹುಣಸಮಾರನಹಳ್ಳಿ' ಎಂದು ನೆಟ್ಟಗೆ ಬಂತು. ಮಾರಕ್ಕ ಅದನ್ನು ಮಡಿಸಿ ಪಂಚೆಯ ಮೇಲೆ ಇಡಹೋದಾಗ ಅವನ ಮನಸ್ಸು ತಡೆಯಲಿಲ್ಲ. ಅವಸರದಲ್ಲಿ ಒತ್ತಿದ್ದು, ಕಾವು ಸಾಲದಾಯಿತೇನೋ, ಒಗೆದರೆ ಹೋದರೂ ಹೋಗಬಹುದು ಎಂದು ಮೆಲ್ಲಗೆ ಹೇಳಿದ.

ಮಾರಕ್ಕ ಅಂಗಿಯ ಸುಕ್ಕನ್ನು ಅಂಗೈಯಿಂದ ಸವರಿದಳು.

"ನಿಮ್ಮಪ್ಪನ ಬಟ್ಟೆ ಒಗೀತಿದ್ದೋಳು ನಾನು ಕಣೋ. ನಾನಿನ್ನೂ ಇಲ್ಲೇ ಇದೀನಿ. ನಾನು ಅಲ್ಲಿಗೆ ಓಗೋ ಗಂಟ ಈ ಅಂಗಿಗೆ ಏನೂ ಆಗಲ್ಲ."